ಒಂದೇ ಸಾಲಿನಲ್ಲಿ ಹೋದ ನೂರಾ ಎಂಬತ್ತಾರು ಪಾಠಗಳು

ಕೊಂಢವಾ, ಪುಣೆ
10 ಫೆಬ್ರವರಿ 2025, ಸೋಮವಾರ

ಪ್ರೀತಿಯ ಅವ್ವಾ,

ನಿನ್ನ ಶಿವಕಾಂತಾಳ ಶರಣು. ಸುಮಂಗಲಕ್ಕ, ಕೂಸು ಮಲಗಿದ ಮೇಲೆ ಇದನ್ನು ಅವ್ವನಿಗೆ ನಿಧಾನವಾಗಿ ಓದಿ ಹೇಳು. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಅವ್ವ ಎರಡನೆಯ ಮಾತಿಗೇ "ಉಂಡಿಯಿಲ್ಲೋ?" ಎಂದು ಕೇಳಿ ಕಥೆ ಕೆಡಿಸುತ್ತಾಳೆ. ಈ ಕಥೆ ಕೆಡಬಾರದು. ಇದರಲ್ಲಿ ನಿನ್ನ ಮಗಳು ಗೆದ್ದಿದ್ದಾಳೆ.

ನನ್ನ ಕೆಲಸ ನಿನಗೆ ಗೊತ್ತೇ ಇದೆ. ನನ್ನ ಹಾಗೆ ಕಣ್ಣು ಕಾಣದ ಮಕ್ಕಳಿಗಾಗಿ ವಿಮಾನ ನಗರದ ನಮ್ಮ ಆಫೀಸಿನಲ್ಲಿ ಶಾಲೆಯ ಪಾಠಗಳನ್ನು ಓದಿ ಧ್ವನಿಮುದ್ರಿಸುತ್ತಾರೆ. ನಾನು ಅವನ್ನು ಕೇಳಿ, ತಪ್ಪು ತಿದ್ದಿಸಿ, ಇಂಟರ್ನೆಟ್‌ನಲ್ಲಿ ದೂರದ ಒಂದು ದೊಡ್ಡ ಕಂಪ್ಯೂಟರಿಗೆ ಕಳಿಸುತ್ತೇನೆ. ಶಾಲೆಗಳು ಅಲ್ಲಿಂದ ಇಳಿಸಿಕೊಳ್ಳುತ್ತವೆ. ಕಳೆದ ಬುಧವಾರ ಆ ಕಳಿಸುವ ಪುಟವನ್ನೇ ಬದಲಿಸಿಬಿಟ್ಟರು. ಹೊಸ ಪುಟದಲ್ಲಿ ಫೈಲನ್ನು ಮೌಸಿನಿಂದ ಎಳೆದು ಒಂದು ಚೌಕದೊಳಗೆ ಬಿಡಬೇಕು. ಆಮೇಲೆ ಒಂಬತ್ತು ಚಿತ್ರಗಳಲ್ಲಿ ಬಸ್ಸು ಯಾವುದರಲ್ಲಿದೆ ಎಂದು ತೋರಿಸಬೇಕು. ನನ್ನ ಕಂಪ್ಯೂಟರಿನಲ್ಲಿ ಪರದೆಯನ್ನು ಓದಿ ಹೇಳುವ ದನಿ, ನೀನು ಗೊಣಗವ್ವ ಎಂದು ಹೆಸರಿಟ್ಟಿದ್ದೀಯಲ್ಲ, ಅವಳು ಆ ಪುಟಕ್ಕೆ ಹೋಗಿ "ಚಿತ್ರ, ಚಿತ್ರ, ಚಿತ್ರ" ಎಂದು ಸುಮ್ಮನಾದಳು. ಕಣ್ಣಿಲ್ಲದ ಮಕ್ಕಳ ಪಾಠ ಕಳಿಸಲು ಕಣ್ಣಿರಲೇಬೇಕಂತೆ!

ಮ್ಯಾನೇಜರ್ ದೇವಾನಂದ ಅವರು ಬೆಳಗಾವಿಯವರು, ಕೆಟ್ಟವರಲ್ಲ. ಪಕ್ಕಕ್ಕೆ ಕುರ್ಚಿ ಎಳೆದುಕೊಂಡು, "ಪರೀಕ್ಷಾ ಹತ್ರ ಬಂತ್ರಿ ಶಿವಕಾಂತಾ. ಪುಟಾ ಸರಿ ಆಗೂತನಕ ನೀವು ಫೋನ್ ತಗೊಳ್ಳೋ ಟೇಬಲ್‌ಗೆ ಕೂಡ್ರಿ. ಭಾಳ ಮನಸಿಗೆ ಹಚ್ಕೋಬ್ಯಾಡ್ರಿ" ಎಂದರು. ಯಾವಾಗ ಸರಿಯಾಗುತ್ತದೆ ಎಂದು ಕೇಳಿದೆ. ಅವರು ಕುರ್ಚಿ ಸರಿಸಿ ಎದ್ದು ಹೋದರು. ನಾನು ಏಳು ವರ್ಷ ಕೂತ ಜಾಗ ಬಿಡಬೇಕಾಯಿತು, ಅವ್ವಾ.

ಶುಕ್ರವಾರ ಬೆಳಿಗ್ಗೆ ಸುಖೇಶನಿಗೆ ಫೋನ್ ಮಾಡಿದೆ. ಆ ದೊಡ್ಡ ಕಂಪ್ಯೂಟರನ್ನು ನೋಡಿಕೊಳ್ಳುವವನು ಅವನು. ಪುಟದ ಮೂಲಕ ಬರದೆ ಪಾಠ ಕಳಿಸಲು ಬೇರೆ ದಾರಿ ಇದೆಯೇ ಎಂದು ಮರಾಠಿಯಲ್ಲಿ ಕೇಳಿದೆ. ಸ್ವಲ್ಪ ಯೋಚಿಸಿ, ಹಳೆಯ ದಾರಿಯೊಂದು ಇನ್ನೂ ತೆರೆದಿದೆ, ಆದರೆ ಅಲ್ಲಿ ನೋಡಲು ಏನೂ ಇಲ್ಲ, ಕರ್ಲ್ ಎಂಬ ಪ್ರೋಗ್ರಾಮಿನಲ್ಲಿ ಆಜ್ಞೆ ಟೈಪ್ ಮಾಡಬೇಕಾಗುತ್ತದೆ, ನಿಮಗೆ ಕಷ್ಟವಾದೀತು ಎಂದ. ನೋಡಲು ಏನೂ ಇಲ್ಲ ಎಂದ ಕೂಡಲೇ ನನಗೆ ನಗು ತಡೆಯಲಾಗಲಿಲ್ಲ. ನನಗೆ ಬೇಕಾದದ್ದೇ ಅದು!

ಆ ಇಡೀ ದಿನ ಫೋನ್ ಟೇಬಲ್ಲಿನಲ್ಲಿ ಬಿಡುವಾದಾಗಲೆಲ್ಲ ಕರ್ಲ್ ಕಲಿತೆ. ಕಂಪ್ಯೂಟರಿನ ಒಂದು ಖಾಲಿ ಕಿಟಕಿಯಲ್ಲಿ ಒಂದು ಸಾಲು ಬರೆಯುವುದು: ಯಾವ ಫೈಲು, ಎಲ್ಲಿಗೆ, ಯಾರ ಹೆಸರಿನಲ್ಲಿ. ಎಂಟರ್ ಒತ್ತಿದರೆ ಹೊರಟಿತು. ಆದದ್ದನ್ನೂ ಆಗದ್ದನ್ನೂ ಅದು ಅಕ್ಷರದಲ್ಲೇ ತಿಳಿಸುತ್ತದೆ, ಗೊಣಗವ್ವ ಪಟಪಟನೆ ಓದುತ್ತಾಳೆ. ಒಂದರಿಂದ ನೂರಾ ಎಂಬತ್ತಾರರವರೆಗೆ ಎಂದು ಒಂದೇ ಸಲ ಹೇಳಿದರೆ ಸಾಕು, ಅಷ್ಟೂ ಪಾಠಗಳನ್ನು ಸಾಲಾಗಿ ಒಯ್ಯುತ್ತದೆ. ಉಳಿದವರ ಇಂಟರ್ನೆಟ್ ನಿಧಾನವಾಗದಂತೆ ಮೆಲ್ಲಗೆ ಹೋಗು ಎಂದರೂ ಕೇಳುತ್ತದೆ. ಎಲ್ಲಕ್ಕಿಂತ ದೊಡ್ಡದು, ನಡುವೆ ಲೈನ್ ಕಡಿದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ.

ಶನಿವಾರ ಸಂಜೆಯೊಳಗೆ ಹತ್ತನೆಯ ತರಗತಿಯ ನೂರಾ ಎಂಬತ್ತಾರು ಪಾಠಗಳು ಹೋಗಲೇಬೇಕಿತ್ತು. ಹೊರಗೆ ರಸ್ತೆ ಅಗೆಯುತ್ತಿದ್ದರು, ಇಂಟರ್ನೆಟ್ ಬಂದು ಬಂದು ಹೋಗುತ್ತಿತ್ತು. ಹೊಸ ಪುಟದಲ್ಲಿ ಒಂದು ಸಲ ಕಡಿದರೆ ಆ ಪಾಠವನ್ನು ಮೊದಲಿನಿಂದ ಕಳಿಸಬೇಕು. ಕಣ್ಣಿದ್ದ ಐದು ಜನ ಕೂತು ಮಧ್ಯಾಹ್ನದ ಊಟದ ಹೊತ್ತಿಗೆ ಹನ್ನೊಂದು ಕಳಿಸಿದ್ದರು. ನಾನು ಯಾರನ್ನೂ ಕೇಳದೆ ಎದ್ದು ಹೋಗಿ ನನ್ನ ಹಳೆಯ ಜಾಗದಲ್ಲಿ ಕೂತೆ.

ಮೊದಲ ಸಲ ಪಾಸ್‌ವರ್ಡಿನ ಒಂದು ಅಕ್ಷರ ಬಿಟ್ಟಿದ್ದೆ, ಒಳಗೆ ಬಿಡುವುದಿಲ್ಲ ಎಂದಿತು. ಮತ್ತೆ ಬರೆದೆ. ಹೊರಟಿತು! ನಲವತ್ತೆರಡನೆಯ ಪಾಠದ ನಡುವೆ ಇಂಟರ್ನೆಟ್ ಹೋಯಿತು. ಲೈನ್ ಬಂದ ಕೂಡಲೇ ಮುಂದುವರಿಸು ಎಂದು ಬರೆದೆ. ಅರ್ಧ ಹೋಗಿದ್ದ ಪಾಠ ಅರ್ಧದಿಂದಲೇ ಹೊರಟಿತು. ಆಮೇಲೆ ನಾಲ್ಕು ಸಲ ಕಡಿಯಿತು, ನಾಲ್ಕು ಸಲವೂ ಹಾಗೆಯೇ ಜೋಡಿಸಿದೆ. ಬೆನ್ನ ಹಿಂದೆ ಒಂದು ಕುರ್ಚಿ ಸರಿದ ಸದ್ದು, ಆಮೇಲೆ ಇನ್ನೊಂದು. ಎಲ್ಲರೂ ಬಂದು ನಿಂತಿದ್ದರು.

ನಾಲ್ಕೂವರೆಗೆ ಮುಗಿಯಿತು. "ಖರೇನ ಎಲ್ಲಾ ಮುಟ್ಟ್ಯಾವೇನ್ರಿ?" ದೇವಾನಂದ ಅವರು ಕೇಳಿದರು. ಅಲ್ಲಿ ಏನೇನಿದೆ ಎಂದು ಕರ್ಲ್‌ನಿಂದಲೇ ಪಟ್ಟಿ ತರಿಸಿ, ಇಯರ್‌ಫೋನ್ ಕಿತ್ತು, ದನಿ ಏರಿಸಿದೆ. ಗೊಣಗವ್ವ ನೂರಾ ಎಂಬತ್ತಾರು ಹೆಸರು ಓದಿದಳು. ಕೊನೆಗೆ ಅವರು, "ನಾ ತಪ್ಪ ತಿಳ್ಕೊಂಡಿದ್ದೆ. ಇದನ್ನ ನಮಗೂ ಕಲಿಸ್ರಿ" ಎಂದರು.

ಇವತ್ತಿನಿಂದ ಪಾಠ ಕಳಿಸುವ ಇಡೀ ಹೊಣೆ ನನ್ನದು. ಆ ಹಳೆಯ ದಾರಿಯನ್ನು ಮುಚ್ಚಕೂಡದೆಂದು ದೇವಾನಂದ ಅವರು ಸುಖೇಶನ ಕಂಪನಿಗೆ ಬರೆದೂ ಆಯಿತು. ಅಪ್ಪನಿಗೆ ಎಲ್ಲ ಹೇಳಿದೆ. ಎಷ್ಟು ತಿಳಿಯಿತೋ ಕಾಣೆ. ನಿನ್ನೆ ಕೆಲಸದಲ್ಲಿ, ಸ್ಲ್ಯಾಬ್ ಹಾಕುವ ಕಡೆ, ಜೊತೆಗಾರ ಹುಲಿಗೆಪ್ಪ ಕಾಕಾನ ಮುಂದೆ, "ನನ್ನ ಮಗಳು ಒಂದ ಸಾಲು ಬರದ್ರ ಆಫೀಸಿಗೆ ಆಫೀಸೇ ಎದ್ದು ನಿಂದರ್ತದ" ಎಂದನಂತೆ.

ಕೂಸಿಗೆ ಮುತ್ತು ಕೊಡು. ಅಕ್ಕ ಹೆರಿಗೆಯಿಂದ ಚೇತರಿಸಿಕೊಂಡ ಮೇಲೆಯೇ ಬಾ, ಇಲ್ಲಿ ನಮ್ಮ ಊಟ ನಡೆಯುತ್ತಿದೆ.

ನಿನ್ನ ಮಗಳು,
ಶಿವಕಾಂತಾ

ತಾ.ಕ.: ಗುರುವಾರ ನೀನು ಫೋನ್ ಮಾಡಿದಾಗ ಆಫೀಸಿಗೆ ಸೂಟಿ ಎಂದಿದ್ದೆ. ಅದು ಸುಳ್ಳು. ರಾಜೀನಾಮೆ ಬರೆದಿಟ್ಟುಕೊಂಡು ಮನೆಯಲ್ಲಿ ಕೂತಿದ್ದೆ, ಕಳಿಸುವುದೊಂದು ಬಾಕಿ ಇತ್ತು. ನನ್ನನ್ನು ಶಾಲೆಗೆ ಹಾಕಿದಾಗಿನಿಂದ ದಿನವೂ ಕೇಳುವಂತೆ ಅಂದೂ ನೀನು, "ಇವತ್ತ ಹೊಸಾದ ಏನ ಕಲತಿ?" ಎಂದು ಕೇಳಿದೆ. ಏನೂ ಇಲ್ಲ ಎಂದು ನಿನಗೆ ಹೇಳಿದ್ದು ಅದೇ ಮೊದಲ ಸಲ. ಫೋನ್ ಇಟ್ಟ ಮೇಲೆ ರಾಜೀನಾಮೆಯನ್ನು ಅಳಿಸಿಬಿಟ್ಟೆ. ಮರುದಿನ ಸುಖೇಶನಿಗೆ ಫೋನ್ ಮಾಡಿದ್ದು ಅದಕ್ಕೇ.