ತಾಟಿನಲ್ಲಿ ಬಂದ ಚಾವಿ

ಬೈಲಹೊಂಗಲ
ಗುರುವಾರ, ೯ ಡಿಸೆಂಬರ್ ೧೯೯೯

ತೀರ್ಥರೂಪ, ಸಕಲ ಸಾರಥಿಗಳಲ್ಲಿ ಹಿರಿಯನಾದ, ನನ್ನ ಪ್ರೀತಿಯ ಅಪ್ಪಾ,

ನಿನಗಿಂತ ಮೊದಲು ಈ ಪತ್ರ ಓದುವ ಜೈಲಿನ ಸಾಹೇಬರಿಗೂ ನನ್ನ ಸಾಷ್ಟಾಂಗ ನಮಸ್ಕಾರ. ಹೋದ ಪತ್ರದ ಎರಡು ಸಾಲಿಗೆ ಅವರು ಕರಿ ಶಾಯಿ ಬಳಿದಿದ್ದರು ಎಂದು ಬರೆದಿದ್ದೆಯಲ್ಲ, ಅಲ್ಲಿ ಇದ್ದದ್ದು ಅವ್ವ ಕುಟ್ಟಿದ ಕೆಂಪು ಖಾರದ ವರ್ಣನೆ. ಒಳಗಿದ್ದವರ ಬಾಯಲ್ಲಿ ನೀರು ತರಿಸುವುದು ಯಾವ ಕಲಮಿನ ಕೆಳಗೆ ಗುನ್ಹೆ ಆಗುತ್ತದೋ ನನಗೆ ತಿಳಿಯದು. ತಿಳಿಯದೆ ಮಾಡಿದ ತಪ್ಪನ್ನು ದೊಡ್ಡವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಈ ಸಲ ಊಟದ ಸುದ್ದಿ ಎತ್ತುವುದಿಲ್ಲ. ನಿನ್ನ ಎಡ ಮೊಣಕಾಲು ಹೇಗಿದೆ? ಇಪ್ಪತ್ತಾರು ವರ್ಷ ಕ್ಲಚ್ ತುಳಿದ ಕಾಲಿಗೆ ಎಂಟು ತಿಂಗಳಿಂದ ಕೆಲಸವಿಲ್ಲ. ನಿದ್ದೆಯಲ್ಲಿ ತಾನಾಗಿಯೇ ತುಳಿಯುತ್ತದೋ ಏನೋ, ಪಕ್ಕದಲ್ಲಿ ಮಲಗಿದವನಿಗೆ ಮೊದಲೇ ಹೇಳಿಡು. ಥಂಡಿ ಶುರುವಾಗಿದೆ, ಎರಡನೇ ಕಂಬಳಿ ಕೊಟ್ಟರೋ ಇಲ್ಲವೋ ಬರೆ. ಅವ್ವ ಆರಾಮವಾಗಿದ್ದಾಳೆ. ಆರಾಮ ಎಂದರೆ, ಮೊದಲಿನ ಹಾಗೆಯೇ ನನ್ನನ್ನು ಬೈಯುತ್ತಾಳೆ.

ಈಗ ವರ್ತಮಾನ. ದೀಪಾವಳಿಯ ಹಿಂದಿನ ದಿನ ಘನತೆವೆತ್ತ ನನ್ನ ಹೆವಿ ಲೈಸೆನ್ಸ್ ಮನೆಗೆ ಚಿತ್ತೈಸಿತು. ಸಣ್ಣ ಪುಸ್ತಕ, ಒಳಗೆ ನನ್ನ ಫೋಟೋ. ಕೋಳಿ ಕದ್ದು ಸಿಕ್ಕಿಬಿದ್ದವನ ಮುಖ. ಅವ್ವ ಅದಕ್ಕೆ ವಿಭೂತಿ ಹಚ್ಚಿ ದೇವರ ಜಗಲಿಯ ಮೇಲೆ ಏರಿಸಿದಳು. ನಾನೂ ಕೈ ಮುಗಿದೆ. ಟಿಪ್ಪುಸಾಬ ಕಾಕಾನಿಗೆ ತೋರಿಸಲು ಒಯ್ದೆ. ಮೂರು ವರ್ಷ ಅವನ ಲಾರಿಯ ಕ್ಲೀನರ್ ಆಗಿ ನಟ್ಟು ತಿರುವಿ, ಗಾಜು ಒರೆಸಿ, ಅವನಿಂದ ಸ್ಟೇರಿಂಗ್ ಹಿಡಿಯುವುದನ್ನು ಕಲಿತವನು ನಾನು. ನಿನ್ನ ಗೆಳೆಯ ಹೌದು, ನನಗೆ ಉಸ್ತಾದ. ಪುಸ್ತಕ ಹಿಂದೆ ಮುಂದೆ ತಿರುವಿ ನೋಡಿ, "ಇನ್ನ ನೀ ಡ್ರೈವರ್ ಆದಿ ಬೇಟಾ. ಇವತ್ತಿಂದ ಹೊರಗ ನಿಂತು ಚಾ ಕುಡಿಯೂದು ಬಂದ್, ಬಾಜೂಕ ಕುಂಡ್ರು" ಅಂದ. ನಾನು ಅಷ್ಟೇ ಗಂಭೀರವಾಗಿ ಪಕ್ಕದಲ್ಲಿ ಕುಂತು, "ಹುಡುಗಾ, ಎರಡ್ ಚಾ ತಾ" ಎಂದು ಅವನ ದನಿಯಲ್ಲೇ ಕೂಗಿದೆ. ತಲೆಗೆ ಒಂದು ಬಿತ್ತು.

ಅದಾದ ಮೇಲೆ ದಿಗ್ವಿಜಯ ಯಾತ್ರೆ ಹೊರಟೆ. ಸವದತ್ತಿಯಲ್ಲಿ ಒಬ್ಬ ಮಾಲಕರು ಪುಸ್ತಕ ನೋಡದೆಯೇ, "ಐದ ವರ್ಷ ಗಾಡಿ ಹೊಡದಾಂವ ಬೇಕು" ಎಂದರು. "ಯಾರರ ಕೊಟ್ಟರ ಹೊಡಿತೇನ್ರಿ" ಎಂದೆ. "ಹೊಡದ ಮ್ಯಾಲೆ ಬಾ" ಎಂದರು. ನಾನು "ಹಂಗಾದ್ರ ಐದ ವರ್ಷ ಇಲ್ಲೇ ಕಾಯ್ತೇನ್ರಿ" ಎಂದು ಅವರ ಬಾಕಿನ ಮೇಲೆ ಕುಂತುಬಿಟ್ಟೆ. ಮಧ್ಯಾಹ್ನದ ತನಕ ಕುಂತೆ ಅಪ್ಪಾ. ಅವರ ಮಂದಿ ನಕ್ಕರು, ಮಾಲಕರೂ ನಕ್ಕರು, ಚಹಾ ಕೂಡ ಬಂತು. ಗಾಡಿ ಮಾತ್ರ ಬರಲಿಲ್ಲ. ಮಂದಿಯನ್ನು ನಗಿಸುವವನಿಗೆ ಚಹಾ ಕೊಡುತ್ತಾರೆ, ಚಾವಿ ಕೊಡುವುದಿಲ್ಲ ಎಂಬ ಶಾಸ್ತ್ರವನ್ನು ಅಂದು ಕಲಿತೆ.

ರಾಮದುರ್ಗದಲ್ಲಿ ಹೀಗಾಗಲಿಲ್ಲ, ಅಲ್ಲಿ ಆದದ್ದು ನನ್ನ ಎದೆಯಲ್ಲಿ ಇನ್ನೂ ಚುಚ್ಚುತ್ತಿದೆ. ಆ ಮಾಲಕರು ಪರೀಕ್ಷೆ ಕೊಟ್ಟರು. ಹತ್ತಿಯ ಅಂಡಿಗೆಗಳ ಎರಡು ಸಾಲಿನ ನಡುವೆ, ಒಂದು ಗೇಣೂ ಹೆಚ್ಚಿಗೆ ಇಲ್ಲದ ಜಾಗದಲ್ಲಿ, ತುಂಬಿದ ಗಾಡಿಯನ್ನು ಹಿಂದಕ್ಕೆ ತೆಗೆದುಕೊಳ್ಳಬೇಕು. ನೀನು ಹೇಳುತ್ತಿದ್ದೆಯಲ್ಲ, ಹಿಂದಿನ ಗಾಲಿ ಎಲ್ಲಿ ಇದೆ ಎಂದು ಕನ್ನಡಿಯಲ್ಲಿ ಹುಡುಕಬೇಡ, ಕುಂಡಿಗೆ ತಿಳಿಯಬೇಕು ಎಂದು, ಹಾಗೆಯೇ ಮಾಡಿದೆ. ಒಂದು ಅಂಡಿಗೆಯ ಗೋಣಿಯ ಎಳೆಯೂ ಕಿತ್ತುಬರಲಿಲ್ಲ. ಹಮಾಲರು ಕೈ ತಟ್ಟಿದರು. ಮಾಲಕರು ಹೆಗಲ ಮೇಲೆ ಕೈ ಹಾಕಿ, "ಭೇಷ್! ಯಾರಿಂದ ಕಲತಿ? ಯಾರ ಮಗಾ ನೀ?" ಎಂದರು. ನಾನು ಎದೆ ಉಬ್ಬಿಸಿ ನಿನ್ನ ಹೆಸರು ಹೇಳಿದೆ. ಹೆಗಲ ಮೇಲಿನ ಕೈ ಕೆಳಗೆ ಇಳಿಯಿತು. "ಬೈಲಹೊಂಗಲದ ಸಂಗಪ್ಪ? ಯರಗಟ್ಟಿ ದಾರ್‍ಯಾಗ ಮುದುಕಿ ಮ್ಯಾಲೆ ಹಾಯಿಸಿ ಜೇಲಿಗೆ ಹ್ವಾದಾಂವ?" ಎಂದು ಕೇಳಿ, ಉತ್ತರಕ್ಕೂ ಕಾಯದೆ ಚಾವಿಗೆ ಕೈ ಚಾಚಿದರು. ಆಮೇಲೆ ಎರಡು ಕಡೆ ಬರೀ ನಿಂಗರಾಜ ಎಂದೆ, ಅಪ್ಪನ ಹೆಸರು ನುಂಗಿದೆ. ಆದರೆ ಲೈಸೆನ್ಸ್ ಪುಸ್ತಕ ನುಂಗುವುದಿಲ್ಲವಲ್ಲ. ಮೊದಲನೇ ಪುಟದಲ್ಲೇ, ನನ್ನ ಹೆಸರಿನ ಕೆಳಗೆ, ನೀನು.

ಅಂದಾನೆಪ್ಪ ಸಾವಕಾರರ ಹತ್ತಿರ ಮೊದಲೇ ಯಾಕೆ ಹೋಗಲಿಲ್ಲ ಎಂದು ಕೇಳುತ್ತೀ. ಹತ್ತೊಂಬತ್ತು ವರ್ಷ ನೀನು ಅವರ ಗಾಡಿ ಹೊಡೆದವನು, ಅವರ ವಖಾರಿ ನಮ್ಮ ಮನೆಯಿಂದ ಕೂಗಳತೆಯಲ್ಲಿ. ಅವ್ವ ಬಿಡಲಿಲ್ಲ. "ಆ ಬಾಗಲಕ್ಕ ಮಾತ್ರ ಹೋಗಬ್ಯಾಡ" ಎಂದಳು, ಕಾರಣ ಹೇಳಲಿಲ್ಲ. ಮೊನ್ನೆ ಮಂಗಳವಾರ, ಅಮಾವಾಸ್ಯೆ, ಅವರೇ ಹೇಳಿ ಕಳಿಸಿದರು. ಅವ್ವ ಹೊಲಕ್ಕೆ ಕೂಲಿಗೆ ಹೋಗಿದ್ದಳು. ತಲೆಗೆ ಎಣ್ಣೆ ಹಚ್ಚಿ, ನಿನ್ನ ಬಿಳಿ ಅಂಗಿ ತೊಟ್ಟು, ಜಗಲಿಯಿಂದ ಲೈಸೆನ್ಸ್ ಇಳಿಸಿಕೊಂಡು ಹೋದೆ.

ಅವರ ಮನೆಯ ಪದ್ಧತಿ ನಿನಗೆ ಗೊತ್ತು. ಹೊಸ ಡ್ರೈವರನಿಗೆ ಚಾವಿಯನ್ನು ಕೈಯಿಂದ ಕೈಗೆ ಕೊಡುವುದಿಲ್ಲ; ಅಮಾವಾಸ್ಯೆಯ ದಿನ, ತಾಟಿನಲ್ಲಿ, ಎಲೆ ಅಡಿಕೆ, ಕಾಯಿ, ಲಿಂಬೆಹಣ್ಣಿನ ಜೊತೆಗೆ ಕೊಡುತ್ತಾರೆ. ಚಾವಿ ತಗೊಂಡವನು ಗಾಡಿಯ ಮುಂದೆ ಕಾಯಿ ಒಡೆದು, ಗಾಲಿಯ ಕೆಳಗೆ ಲಿಂಬೆಹಣ್ಣು ಇಟ್ಟು, ಹಾಯಿಸಿ ಹೊರಡಬೇಕು. ಮೊನ್ನೆ ಆ ತಾಟು ನನ್ನ ಮುಂದೆ ಬಂತು. ಚಾವಿಗೆ ಅರಿಷಿಣ ಕುಂಕುಮ ಹಚ್ಚಿತ್ತು. "ತಗೋ ತಮ್ಮಾ. ಮಗನ ಲೈಸೆನ್ಸ್ ಕೈಗೆ ಬಂದ ದಿನ ಗಾಡಿ ಕೊಡ್ತೇನಿ ಅಂತ ನಿಮ್ಮಪ್ಪಗ ಮಾತ ಕೊಟ್ಟೇನಿ. ನಾ ಮಾತಿನ ಮನಷ್ಯಾ" ಎಂದರು. ನನ್ನ ಕಣ್ಣಲ್ಲಿ ನೀರು ಬಂತು ಅಪ್ಪಾ. ಊರಿಗೆಲ್ಲ ನಕಲಿ ಮಾಡಿ ನಗಿಸುವ ನಾನು ಅವರ ಕಾಲಿಗೆ ನಿಜವಾಗಿ ಬಿದ್ದೆ. ತಾಟು ಹಿಡಿದುಕೊಂಡು ಅಂಗಳಕ್ಕೆ ಇಳಿದೆ. ಲಿಂಬೆಹಣ್ಣು ಕೈಗೆ ತಗೊಂಡು ಬಗ್ಗಿದೆ. ಗಾಲಿ ಇರಲಿಲ್ಲ. ಗಾಡಿಯೇ ಇರಲಿಲ್ಲ. ಅಂಗಳದಲ್ಲಿ ಒಂದು ಕರು ಕಟ್ಟಿತ್ತು.

"ಗಾಡಿ ಎಲ್ಲೈತ್ರಿ ಸಾವ್ಕಾರ್‍ರ?"

"ಕಿತ್ತೂರಾಗ ಐತಿ. ಠಾಣೆದ ಮುಂದ."

ಉಳಿದದ್ದನ್ನು ಅವರು ಮಳೆ ಬೆಳೆ ಮಾತಾಡಿದ ಹಾಗೆ ಹೇಳಿದರು. ಹೋದ ಶುಕ್ರವಾರ ಅವರ ಮಗ ಮಧು ಹುಮ್ಮಸ್ಸಿಗೆ ತಾನೇ ಗಾಡಿ ಹೊಡೆದುಕೊಂಡು ಹೋಗಿದ್ದಾನೆ. ಅವನಿಗೆ ಮೋಟಾರ್ ಸೈಕಲ್ಲಿನದು ಬಿಟ್ಟರೆ ಬೇರೆ ಲೈಸೆನ್ಸ್ ಇಲ್ಲ. ಸಂಪಗಾಂವ ದಾಟಿ ಕಿತ್ತೂರಿನ ಹಾದಿಯಲ್ಲಿ, ಹಾಲು ಹಾಕಲು ಸೈಕಲ್ ಮೇಲೆ ಹೊರಟಿದ್ದ ಶಂಕರೆಪ್ಪ ಎಂಬವನ ಮೇಲೆ ಹಾಯಿಸಿದ್ದಾನೆ. ಶಂಕರೆಪ್ಪ ಅಲ್ಲೇ ಸತ್ತ. ಮಧು ಜೋಳದ ಹೊಲದಲ್ಲಿ ಓಡಿಹೋಗಿ ಮನೆ ಸೇರಿದ. ಡ್ರೈವರ್ ಓಡಿಹೋಗಿದ್ದಾನೆ, ಶನಿವಾರ ತಂದು ಹಾಜರು ಮಾಡುತ್ತೇನೆ ಎಂದು ಸಾವಕಾರರು ಠಾಣೆಯಲ್ಲಿ ಹೇಳಿ ಬಂದಿದ್ದಾರೆ. "ಹೆಸರಷ್ಟ ನಿಂದು. ಉಳದದ್ದೆಲ್ಲಾ ನಂದು. ವಕೀಲ ನಂದು, ಜಾಮೀನ ನಂದು. ನಿನ್ನ ಲೈಸೆನ್ಸ್ ಹೊಸಾದು, ಒಂದ ಕಲೆ ಇಲ್ಲ. ಹೊರಗ ಬಂದ ಮರುದಿನಾ ಇದ ಗಾಡಿ ನಿಂದು" ಎಂದರು. ನಾನು ಲಿಂಬೆಹಣ್ಣನ್ನು ತಿರುಗಿ ತಾಟಿನಲ್ಲಿ ಇಟ್ಟೆ. ಅದಕ್ಕೆ ಅವರಿಗೆ ಬೇಸರವಾಯಿತು. "ನಿಮ್ಮಪ್ಪಗ ಇಷ್ಟ ಹೇಳೂದ ಬೇಕಾಗಲಿಲ್ಲ. ಆವಾಗೂ ಗಾಡಿ ಹೊಡದಾಂವ ಮಧುನ ಇದ್ದ. ಸಂಗಪ್ಪ ಒಂದ ಮಾತಿಗೆ ಹ್ಞೂಂ ಅಂದ" ಎಂದರು.

ನಾನು ನಿನ್ನನ್ನು ಎಷ್ಟು ಸಲ ಕೇಳಿರಬೇಕು? ಹೆಂಗ ಆತು ಅಪ್ಪಾ, ಆ ಮುದುಕಿ ಎಲ್ಲಿಂದ ಬಂದಳು, ಬ್ರೇಕ್ ಹಿಡೀಲಿಲ್ಲೇನು? ಪ್ರತಿ ಸಲವೂ ನಿನ್ನದು ಒಂದೇ ಮಾತು: "ಕೈ ತಪ್ಪತು." ಟಿಪ್ಪುಸಾಬ ಕಾಕಾ ಮಾತ್ರ ಒಮ್ಮೆ, "ನಿಮ್ಮಪ್ಪ ಇಷ್ಟ ವರ್ಷದಾಗ ಒಂದ ಕೋಳೀನೂ ಹಾಯಿಸಿಲ್ಲ" ಎಂದು ಶುರು ಮಾಡಿ, ಮುಂದಿನ ಮಾತನ್ನು ಚಹಾದ ಜೊತೆ ನುಂಗಿದ್ದ. ನಾನು ಗೆಳೆಯನ ಮೇಲಿನ ಪ್ರೀತಿ ಎಂದುಕೊಂಡೆ. ಕೋರ್ಟಿನ ದಿನಗಳೂ ಸೇರಿ ಎರಡು ವರ್ಷ ಆ ಮುದುಕಿಯ ಮೊಮ್ಮಕ್ಕಳನ್ನು ಸಂತೆಯಲ್ಲಿ ಕಂಡರೆ ನಾನು ಓಣಿ ಬದಲಿಸುತ್ತಿದ್ದೆ. ಕೊಂದವನ ಮಗ ಎಂದು ತಲೆ ತಗ್ಗಿಸಿದೆ. ಮಧು ತಲೆ ಎತ್ತಿಕೊಂಡು ಇನ್ನೊಬ್ಬನನ್ನು ಹುಡುಕುತ್ತ ಹೊರಟ.

ನಿನ್ನೆ ಬುಧವಾರ ಕಿತ್ತೂರಿಗೆ ಹೋಗಿ ಗಾಡಿ ನೋಡಿದೆ. ನಿನ್ನದೇ ಗಾಡಿ. ಬಂಪರಿಗೆ ಕಟ್ಟಿದ ಲಿಂಬೆ ಮೆಣಸಿನಕಾಯಿ ಹಾಗೇ ತೂಗುತ್ತಿತ್ತು. ಅದರ ಪಕ್ಕ ಅಲ್ಯೂಮಿನಿಯಮ್ಮಿನ ಹಾಲಿನ ಕ್ಯಾನು ಚಪ್ಪಟೆಯಾಗಿ ಸಿಕ್ಕಿಕೊಂಡಿತ್ತು, ಯಾರೂ ತೆಗೆದಿರಲಿಲ್ಲ. ಕಿಡಕಿಯಲ್ಲಿ ಇಣುಕಿದೆ. ಸೀಟಿನ ಮೇಲೆ ಅವ್ವ ಹೊಲಿದ ನಿನ್ನ ಕೆಂಪು ದಿಂಬು. ನಾಚಿಕೆ ಬಿಟ್ಟು ಬರೆಯುತ್ತೇನೆ ಅಪ್ಪಾ, ಇಷ್ಟೆಲ್ಲ ತಿಳಿದ ಮೇಲೂ, ಆ ಕ್ಯಾನು ನೋಡಿದ ಮೇಲೂ, ಆ ದಿಂಬಿನ ಮೇಲೆ ಒಮ್ಮೆ ಕುಂಡ್ರಬೇಕು ಅನ್ನಿಸಿತು. ಚಾವಿ ಕಿಸೆಯಲ್ಲಿಯೇ ಇತ್ತು. ಒಬ್ಬ ಪೊಲೀಸ ಬಂದು, "ಏನ್ ಬೇಕಪಾ? ಯಾರ್ ನೀ?" ಎಂದ. ನನ್ನ ಹಾಳು ನಾಲಿಗೆ ಎಂದಿನ ಹಾಗೆ ಚೇಷ್ಟೆಗೆ ಹೊರಟಿತು. "ಹಾಲ್ ತಗೊಳ್ಳಾಕ ಬಂದೇನ್ರಿ" ಎಂದುಬಿಟ್ಟೆ. ಅಂದ ಮೇಲೆ ನನ್ನ ಕಿವಿಗೆ ಕೇಳಿಸಿತು. ಅವನು ನಗಲಿಲ್ಲ. ನಾನೂ ನಗಲಿಲ್ಲ. ಬಸ್‌ಸ್ಟ್ಯಾಂಡಿನ ತನಕ ನಡೆದು, ಬೈಲಹೊಂಗಲದ ಬಸ್ಸು ಹತ್ತಿದೆ.

ಮನೆಗೆ ಬಂದು ಅವ್ವನನ್ನು ಕೇಳಿದೆ. ರೊಟ್ಟಿ ಬಡಿಯುವ ಕೈ ನಿಲ್ಲಲಿಲ್ಲ. "ನಿನಗ ಗಾಡಿ ಸಿಗತೈತಿ ಅಂತ ಹ್ವಾದ. ಹೇಳಬ್ಯಾಡ ಅಂತ ಆಣಿ ಹಾಕಿಸ್ಯಾನ" ಎಂದಳು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಅವಳು ತೆಗೆಯಲಿಲ್ಲ, ನಾನೂ ತೆಗೆಯಲಿಲ್ಲ.

ಅಪ್ಪಾ, ಸಾವಕಾರರ ಮೇಲೆ ನನಗೆ ಸಿಟ್ಟು ಬಂದಿಲ್ಲ ಎಂದರೆ ಸುಳ್ಳು. ಆದರೆ ನಿನ್ನ ಮೇಲೆ ಬಂದದ್ದು ದೊಡ್ಡದು. ನನಗೆ ಕೆಲಸ ಕೊಡಿಸಲು ನೀನು ನಿನ್ನ ಹೆಸರು ಕೊಟ್ಟೆ. ಆ ಹೆಸರು ಕೆಟ್ಟದ್ದಕ್ಕೆ ಊರೂರಲ್ಲಿ ನನಗೆ ಕೆಲಸ ಸಿಗಲಿಲ್ಲ. ಕೆಲಸ ಸಿಗದ್ದಕ್ಕೆ ಸಾವಕಾರರ ಬಾಗಿಲಿಗೆ ಹೋದೆ. ಅಲ್ಲಿ ಈಗ ನನ್ನ ಹೆಸರು ಕೇಳುತ್ತಿದ್ದಾರೆ. ಇದಕ್ಕಿಂತ ಚಂದದ ನಗೆಚಾಟಿಕೆ ನನ್ನ ಇಪ್ಪತ್ತೆರಡು ವರ್ಷದ ಕಿಡಿಗೇಡಿತನದಲ್ಲಿ ನನಗೂ ಹೊಳೆದಿರಲಿಲ್ಲ. ಈ ಒಂದು ವಿದ್ಯೆಯಲ್ಲಿ ಅಪ್ಪನೇ ಹೆಚ್ಚು ಎಂದು ಒಪ್ಪಿಕೊಳ್ಳುತ್ತೇನೆ. ಒಂದು ಮಾತು ನನ್ನನ್ನು ಕೇಳಬಹುದಿತ್ತು. ಕೇಳಿದ್ದರೆ ನಾನು ಜೀವನವಿಡೀ ಟಿಪ್ಪುಸಾಬ ಕಾಕಾನ ಗಾಜು ಒರೆಸುತ್ತಿದ್ದೆ, ನೀನು ಮನೆಯಲ್ಲಿ ಇರುತ್ತಿದ್ದೆ.

ಶನಿವಾರ ಹತ್ತು ಗಂಟೆಗೆ ಲೈಸೆನ್ಸ್ ಹಿಡಿದುಕೊಂಡು ಬಾ ಎಂದಿದ್ದಾರೆ. ಬರುವುದಿಲ್ಲ ಎನ್ನಲು ನನಗೆ ಬಾಯಿ ಬಂದಿಲ್ಲ. ಚಾವಿ ಈಗ ಮತ್ತೆ ಅದೇ ತಾಟಿನಲ್ಲಿ, ನಮ್ಮ ಜಗಲಿಯ ಮೇಲೆ ಇದೆ. ನಿನ್ನೆಯಿಂದ ಹತ್ತು ಸಲ ಹೋಗಿ ನೋಡಿದ್ದೇನೆ.

ಮೊಣಕಾಲಿಗೆ ಎಣ್ಣೆ ತಿಕ್ಕಿಕೋ. ಅವ್ವ ಕೇಳಿದಳು ಎಂದು ಬರೆಯಲು ಅವ್ವ ಹೇಳಿಲ್ಲ, ಆದರೂ ಬರೆಯುತ್ತೇನೆ, ಯಾಕೆಂದರೆ ನಿನ್ನೆಯಿಂದ ನಿನ್ನ ಕಂಬಳಿಯನ್ನು ಬಿಸಿಲಿಗೆ ಹಾಕಿ ತೆಗೆಯುವುದೇ ಅವಳ ಕೆಲಸವಾಗಿದೆ. ನನ್ನ ಸಿಟ್ಟು ಒಂದು ಕಡೆ ಇರಲಿ, ನಮಸ್ಕಾರ ಒಂದು ಕಡೆ ಇರಲಿ. ಎರಡನ್ನೂ ತಗೋ.

ಗಾಡಿ ಇಲ್ಲದ ಚಾವಿಗೆ ಅಧಿಪತಿಯಾದ, ನಿನ್ನ ಮಗ
ನಿಂಗರಾಜ

ತಾ.ಕ.: ಟಿಪ್ಪುಸಾಬ ಕಾಕಾ ಹೊರಗೆ ಹಾರ್ನ್ ಒತ್ತುತ್ತಿದ್ದಾನೆ, ಗಡಿಬಿಡಿಯಲ್ಲಿ ಬರೆಯುತ್ತೇನೆ. ಲಕೋಟೆ ಯಾಕೆ ದಪ್ಪಗಿದೆ ಎಂದರೆ ಒಳಗೆ ನನ್ನ ಲೈಸೆನ್ಸ್ ಇದೆ. ಮನೆಯಲ್ಲಿ ಇದ್ದರೆ ಶನಿವಾರ ಅದನ್ನು ಹಿಡಿದುಕೊಂಡು ನಾನು ಹೋಗೇ ಹೋಗುತ್ತೇನೆ, ನನ್ನ ಬಗ್ಗೆ ನನಗೆ ಗೊತ್ತು. ಲೈಸೆನ್ಸ್ ಇಲ್ಲದ ಹೆಸರು ಸಾವಕಾರರಿಗೆ ಬೇಡ. ಚಾವಿಯನ್ನು ಅದೇ ತಾಟಿನಲ್ಲಿ ಅವ್ವ ತಿರುಗಿ ಕೊಟ್ಟು ಬರುತ್ತಾಳೆ. ತಾನೇ ಹೋಗುತ್ತೇನೆ ಎಂದಿದ್ದಾಳೆ. ನಾನು ಕಾಕಾನ ಗಾಡಿಯಲ್ಲಿ ಗೋವಾಕ್ಕೆ ಹೊರಟೆ, ಮತ್ತೆ ಕ್ಲೀನರ್ ಆಗಿ. ಸಾಹೇಬರೇ, ಈ ಪತ್ರವನ್ನು ಮೊದಲು ನೀವೇ ಓದುತ್ತೀರಿ ಎಂದು ಗೊತ್ತಿದ್ದೇ ಎಲ್ಲ ಬಿಡಿಸಿ ಬರೆದಿದ್ದೇನೆ. ಈ ಸಲ ಎಷ್ಟು ಶಾಯಿ ಬೇಕೋ ಬಳಿಯಿರಿ, ನೀವು ಓದಿಯಾಯಿತು. ಪುಸ್ತಕವನ್ನು ಮಾತ್ರ ಅಪ್ಪನ ಅಂಗಿ, ವಾಚು ಇಟ್ಟಿರುವ ಗಂಟಿನಲ್ಲಿ ಇಡಿ. ಅವನು ಬಿಡುಗಡೆಯಾಗುವ ದಿನ ಎರಡನ್ನೂ ಕೂಡಿಯೇ ಹೊರಗೆ ಬಿಡಿ. ಅವನ ಹಾಗೆ ಇದೂ ಯಾರ ಮೇಲೂ ಗಾಡಿ ಹಾಯಿಸಿಲ್ಲ.