ಸೇತುವೆಯಾಚೆಯ ಆಶ್ರಮಕ್ಕೆ

ಅಕ್ಕ,

ಬಾಗಿಲು ಎಳೆದುಕೊಂಡು ಹೋಗಿದ್ದೇನೆ, ಎದ್ದ ಕೂಡಲೇ ಅಗುಳಿ ಹಾಕಿಕೋ. ಗಲಭೆ ಇನ್ನೂ ತಣ್ಣಗಾಗಿಲ್ಲ. ದನಿ ಗುರುತು ಸಿಗದೆ ಯಾರಿಗೂ ತೆಗೆಯಬೇಡ.

ಅಪ್ಪ ಮಾತ್ರೆಯನ್ನು ದಿಂಬಿನಡಿ ಬಚ್ಚಿಡುತ್ತಾರೆ. ನುಂಗುವ ತನಕ ಎದುರಿಗೇ ನಿಲ್ಲು.

ನಾನು ಕ್ಷೌರದ ಪೆಟ್ಟಿಗೆ ಹಿಡಿದು ಸೇತುವೆಯಾಚೆಯ ಆಶ್ರಮಕ್ಕೆ ಹೊರಟಿದ್ದೇನೆ. ಮನೆ ಸುಟ್ಟುಹೋದ ಬಡವರೆಲ್ಲ ಅಲ್ಲಿದ್ದಾರೆ. ತಲೆ ಒಡೆದವರಿಗೆ ಹೊಲಿಗೆ ಹಾಕುವ ಮುಂಚೆ ಗಾಯದ ಸುತ್ತ ಕೂದಲು ತೆಗೆಯಲು ಒಬ್ಬರೂ ಇಲ್ಲವಂತೆ.

"ಅಪ್ಪನನ್ನ ನನ್ನ ತಲೆಗೆ ಕಟ್ಟಿ ನೀನು ಸನ್ಯಾಸಿ ಆಗ್ತೀಯಾ?" ಅಂತ ನಿನ್ನೆ, ನಾನು ಆಶ್ರಮ ಸೇರುವ ಮಾತೆತ್ತಿದಾಗ, ನೀನು ಕೂಗಾಡಿದೆ. ಅದರಲ್ಲಿ ಸುಳ್ಳಿಲ್ಲ ಅಂತಲೇ ಆ ಮಾತು ಚುಚ್ಚಿತು. ಆಶ್ರಮದ ಹಿರಿಯರನ್ನು ನಾನೂ ಇದನ್ನೇ ಕೇಳಿದ್ದೆ: "ಇದು ದೇವರ ಕರೆಯೋ, ಮನೆಯಿಂದ ತಪ್ಪಿಸಿಕೊಳ್ಳೋ ನೆಪವೋ, ಹೇಗೆ ತಿಳಿಯೋದು?"

"ಹೆದರಿಕೆ ಆದ ದಿನವೂ ಬರಬೇಕು ಅನ್ಸುತ್ತಾ, ನೋಡ್ಕೋ" ಅಂದರು.

ಇವತ್ತು ವಿಪರೀತ ಹೆದರಿಕೆ, ಅಕ್ಕ. ಒರೆಸಿದ ಕತ್ತರಿಯನ್ನೇ ಮತ್ತೆ ಮತ್ತೆ ಒರೆಸಿದೆ. ಆದರೂ ಹೋಗಬೇಕು ಅನ್ನಿಸುತ್ತಿದೆ.

ಸೇತುವೆ ಮೇಲೆ ಯಾರೂ ತಡೆಯದಿದ್ದರೆ ಸಂಜೆ ಬರುತ್ತೇನೆ. ಬೈಯುವುದಿದ್ದರೆ ಆಗ ಮನಸಾರೆ ಬೈ. ಈಗ ನಿನ್ನನ್ನು ಎಬ್ಬಿಸಲಿಲ್ಲ. ನೀನು ಒಂದು ಸಲ "ಬೇಡ ಕಣೋ" ಅಂದಿದ್ದರೂ ನಾನು ನಿಂತುಬಿಡುತ್ತಿದ್ದೆ.