ಯಾವ ಕಡೆಯಿಂದ ಎರಡನೆಯದು?

ಡ್ರೈವಿಂಗ್ ಪರೀಕ್ಷೆಯ ಮೈದಾನ, ಗೇಟಿನ ಪಕ್ಕದ ಬೆಂಚು
ಗುರುವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ ಒಂಬತ್ತೂ ಕಾಲು

ಪ್ರೀತಿಯ ಗುಬ್ಬೀ,

ಹೇಗಿದ್ದೀಯ? ಹಡಗಿನ ಹೊಟ್ಟೆಯೊಳಗೆ ಹೊತ್ತುಹೊತ್ತಿಗೆ ಊಟ ಮಾಡುತ್ತೀಯೋ, ಇಲ್ಲಾ ಇಲ್ಲಿದ್ದಾಗಿನ ಹಾಗೆ ನಿಂತಲ್ಲೇ ಬ್ರೆಡ್ಡು ಕಚ್ಚಿ ಕೈಯನ್ನು ಪ್ಯಾಂಟಿಗೆ ಒರೆಸಿಕೊಳ್ಳುತ್ತೀಯೋ? ಕಿವಿ ಗುಂಯ್ ಅನ್ನುತ್ತಿದೆ ಎಂದು ಕಳೆದ ಪತ್ರದಲ್ಲಿ ಬರೆದಿದ್ದೆ. ಅದನ್ನು ಓದಿದ ದಿನದಿಂದ ನಿನ್ನ ಚಿಕ್ಕಮ್ಮ, ಕಿವಿಗೆ ಮುಚ್ಚಳ ಹಾಕಿಕೊಳ್ಳದೆ ಎಂಜಿನ್ ರೂಮಿಗೆ ಇಳಿಯಬಾರದು ಎಂದು ದಿನಕ್ಕೆರಡು ಸಲ ಹೇಳುತ್ತಾಳೆ, ನನಗೆ. ನಾನು ಇಳಿಯುವ ರೂಮು ಅಡುಗೆಮನೆ ಒಂದೇ. ಆದರೂ ಹೂಂಗುಡುತ್ತೇನೆ, ನೀನೂ ಹೂಂ ಅಂದುಬಿಡು. ನಾವಿಬ್ಬರೂ ಚೆನ್ನಾಗಿದ್ದೇವೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ಅಕ್ಷರ ಸೊಟ್ಟಗಿದ್ದರೆ ಅದು ನಮ್ಮ ಹಳ್ಳಿ ಶಾಲೆಯ ತಪ್ಪಲ್ಲ, ತೊಡೆಯ ಮೇಲೆ ಇಟ್ಟುಕೊಂಡು ಬರೆಯುತ್ತಿದ್ದೇನೆ. ಚಿಕ್ಕಮ್ಮ ಈಗಷ್ಟೇ ನಿನ್ನ ಕಾರಿನಲ್ಲಿ ಪರೀಕ್ಷಕರನ್ನು ಕೂರಿಸಿಕೊಂಡು ಗೇಟು ದಾಟಿ ಹೋದಳು. ಮೂರನೆಯ ಸಲ. ಮೊದಲ ಸಲ ಹಿಂದಕ್ಕೆ ಬರುವಾಗ ಕಂಬ ತಾಗಿಸಿದ್ದು, ಎರಡನೆಯ ಸಲ ಏರಿನಲ್ಲಿ ಗಾಡಿ ನಿಂತುಹೋದದ್ದು ನಿನಗೇ ಗೊತ್ತು. ಗೊತ್ತಿಲ್ಲದ ವಿಷಯ ಇದು: ಅವಳ ಆಸ್ಪತ್ರೆಯ ಹಳೇ ಡ್ರೈವರ್ ನಿವೃತ್ತನಾದ, ಇನ್ನು ಮನೆಮನೆಗೆ ಹೋಗುವ ನರ್ಸುಗಳೇ ಕಾರು ಓಡಿಸಬೇಕಂತೆ. ಈ ತಿಂಗಳ ಕೊನೆಯೊಳಗೆ ಲೈಸೆನ್ಸ್ ತೋರಿಸದಿದ್ದರೆ ಚಿಕ್ಕಮ್ಮನನ್ನು ಔಷಧಿ ಉಗ್ರಾಣಕ್ಕೆ ಹಾಕುತ್ತಾರೆ. ಇಪ್ಪತ್ತಾರು ವರ್ಷ ಹದಿನೇಳು ಮನೆಗಳ ಬಾಗಿಲು ತಟ್ಟಿದವಳು ಕಿಟಕಿಯಿಲ್ಲದ ಕೋಣೆಯಲ್ಲಿ ಡಬ್ಬಿ ಜೋಡಿಸುತ್ತಾ ಕೂರಬೇಕು. ಕಾಲಿನ ಹುಣ್ಣು ಮಾಯದ ಆ ಗಡಿಯಾರ ರಿಪೇರಿಯ ಮುದುಕ ಇದನ್ನು ಕೇಳಿ, “ಸಿಸ್ಟರಮ್ಮಾ, ನೀವು ಬರ್ಲಿಲ್ಲ ಅಂದ್ರೆ ನಾನು ಪಟ್ಟಿ ಬಿಚ್ಚೋಕೇ ಬಿಡಲ್ಲ” ಎಂದು ಹಟ ಹಿಡಿದಿದ್ದಾನೆ.

ಪರೀಕ್ಷಕರು ಆರಡಿ ಮೇಲಿದ್ದಾರೆ. ನೆಲಕ್ಕೆ ಅಂಟಿದಂತಿರುವ ನಿನ್ನ ಎರಡು ಸೀಟಿನ ಗಾಡಿಯೊಳಗೆ ಅವರು ಹೊಕ್ಕಿದ್ದನ್ನು ನೀನು ನೋಡಬೇಕಿತ್ತು. ಕೊಡೆ ಮಡಚಿ ಚೀಲಕ್ಕೆ ತುರುಕಿದ ಹಾಗೆ. “ಅಮ್ಮಾ, ಬೇರೆ ಗಾಡಿ ಇರ್ಲಿಲ್ವಾ?” ಅಂದರು. ಇವಳು ಗಂಭೀರವಾಗಿ, “ಇದ್ದಿದ್ರೆ ನಾನೇ ಅದ್ರಲ್ಲಿ ಬರ್ತಿದ್ದೆ ಸಾರ್” ಅಂದಳು. ಗಾಡಿ ಮಾತ್ರ ಹೊಟ್ಟೆ ತುಂಬಿದ ಬೆಕ್ಕಿನ ಹಾಗೆ ಗುರುಗುಟ್ಟುತ್ತಾ ಹೋಯಿತು ಗುಬ್ಬೀ. ಆ ಗುರುಗುಟ್ಟುವಿಕೆಯ ಹಿಂದೆ ಯಾರ ಕೈಯಿದೆ ಅಂದುಕೊಂಡೆ? ನನ್ನದು. ಪೂರ್ತಿ ನನ್ನದೇ ಎಂದು ಬರೆಯುವ ಮನಸ್ಸಿತ್ತು. ಆದರೆ ಬೆಂಚಿನ ಇನ್ನೊಂದು ತುದಿಯಲ್ಲಿ ನಮ್ಮ ಮೆಕ್ಯಾನಿಕ್ ‘ನಾಳೆ ಮೇಸ್ತ್ರಿ’ ಕೂತು ತೂಕಡಿಸುತ್ತಿದ್ದಾನೆ. ಯಾವಾಗ ಕಣ್ಣು ಬಿಟ್ಟು ಪತ್ರ ಇಣುಕುತ್ತಾನೋ ಗೊತ್ತಿಲ್ಲ. ಆದ್ದರಿಂದ ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ.

ಮೂರು ವಾರದ ಹಿಂದೆ ನೀರಿನ ಟ್ಯಾಂಕಿನ ಏರು ಹತ್ತುವಾಗ ಕಾರು ಚಳಿಜ್ವರ ಬಂದಂತೆ ನಡುಗಲು ಶುರುಮಾಡಿತು. ಸ್ಟೀರಿಂಗಿನ ಎದುರಿನ ಎಚ್ಚರಿಕೆಯ ಹಳದಿ ದೀಪ ಮಿಣಮಿಣ ಅಂದಿತು. ನಮ್ಮ ಬೀದಿಯ ಕೊನೆಯ ಮೆಕ್ಯಾನಿಕ್ ನಿನಗೆ ಗೊತ್ತಲ್ಲ, ಏನು ಕೇಳಿದರೂ ನಾಳೆ ಅನ್ನುವವನು, ನಾನು ನಾಳೆ ಮೇಸ್ತ್ರಿ ಎಂದು ಹೆಸರಿಟ್ಟವನು. ಅವನು ತನ್ನ ಸಣ್ಣ ಯಂತ್ರವನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿ ನೋಡಿ, “ಎರಡನೇ ಸಿಲಿಂಡರಿನ ಕಾಯಿಲ್ ಹೋಗಿದೆ. ಕಿಡಿ ಹೊಡೀತಿಲ್ಲ. ನಾಳೆ ಹಾಕೋಣ” ಎಂದು ಹೇಳಿ ಮಗಳ ಊರಿಗೆ ಹೋದ. ಅವನ ನಾಳೆ ಬರುವುದಕ್ಕೆ ಒಂದು ವಾರವಾದರೂ ಬೇಕು. ಅಲ್ಲಿಯವರೆಗೆ ಕಾಯುವ ಮನುಷ್ಯನೇ ನಾನು? ಮೂವತ್ತೊಂದು ವರ್ಷ ಬಸ್ಸಿನ ಕಂಡಕ್ಟರ್ ಆಗಿದ್ದವನು. ಡ್ರೈವರು ಬರೀ ಚಕ್ರ ತಿರುಗಿಸುವವನು, ಬಸ್ಸು ಹೊರಡುವುದೂ ನಿಲ್ಲುವುದೂ ನನ್ನ ಸೀಟಿಯಿಂದ. ಬೀದಿಗೆಲ್ಲ ಕೇಳುವ ಹಾಗೆ ಹೇಳಿದೆ, ಸಂಜೆಯೊಳಗೆ ಗಾಡಿ ರೆಡಿ ಎಂದು.

ಗಾಡಿಯ ಬಗ್ಗೆ ನೀನು ಬರೆದಿಟ್ಟು ಹೋದ ನೋಟ್‌ಬುಕ್ಕು ತೆರೆದೆ. ಮೊದಲ ಪುಟದಲ್ಲಿ ದಪ್ಪ ಅಕ್ಷರದಲ್ಲಿ, “ಚಿಕ್ಕಪ್ಪ ಎಂಜಿನ್ ಮುಟ್ಟಬಾರದು.” ಎರಡನೆಯ ಪುಟದಲ್ಲಿ, “ಮುಟ್ಟಿದರೆ, ಹೀಗೆ ಮುಟ್ಟಬೇಕು.” ಅದನ್ನು ಓದಿ ಒಬ್ಬನೇ ನಕ್ಕೆ. ನನ್ನನ್ನು ಇಷ್ಟು ಸರಿಯಾಗಿ ಬಲ್ಲವರು ಜಗತ್ತಿನಲ್ಲಿ ಇಬ್ಬರೇ, ಇನ್ನೊಬ್ಬಳು ಈಗ ಪರೀಕ್ಷೆಯಲ್ಲಿದ್ದಾಳೆ. ನೀನು ಬರೆದಂತೆಯೇ ಎಲ್ಲ ಮಾಡಿದೆ. ಎಂಜಿನ್ ತಣ್ಣಗಾಗಲು ಬಿಟ್ಟೆ. ಬ್ಯಾಟರಿಯ ಕಪ್ಪು ತಂತಿ ಬಿಚ್ಚಿದೆ. ಹತ್ತರ ಸ್ಪಾನರು ಎಂದಿನಂತೆ ಕಾಣೆಯಾಗಿತ್ತು, ಹುಡುಕಿ ತಂದು ಮೇಲಿನ ಮುಚ್ಚಳ ತೆಗೆದೆ. ಸಿಲಿಂಡರಿಗೊಂದರಂತೆ ನಾಲ್ಕು ಕಾಯಿಲ್ಲುಗಳು ಸಾಲಾಗಿ, ಒಂದೊಂದರ ತಲೆಯ ಮೇಲೂ ತಂತಿಯ ಜುಟ್ಟು. “ಕ್ಲಿಪ್ಪು ಹಳೇದು, ಎಳೀಬೇಡ, ಒತ್ತು” ಎಂದು ಬರೆದಿದ್ದೆ, ಒತ್ತಿದೆ. “ಸ್ವಲ್ಪ ತಿರುಗಿಸಿ ನೇರ ಮೇಲಕ್ಕೆ” ಎಂದಿದ್ದೆ, ಹಾಗೇ ಎತ್ತಿದೆ. ಕೆಳಗಿನ ರಬ್ಬರು ಬಾವಿಯಿಂದ ಕೊಡ ಬಂದ ಹಾಗೆ ಬುಳಕ್ಕನೆ ಬಂತು. ಒಂದು ಹೋದರೆ ನಾಲ್ಕನ್ನೂ ಬದಲಿಸಬೇಕು, ನಾಲ್ಕಕ್ಕೂ ಒಂದೇ ವಯಸ್ಸು ಎಂದು ಬರೆದಿದ್ದೆಯಲ್ಲ, ಅಂಗಡಿಯಲ್ಲಿ ಆ ದಿನ ಇದ್ದದ್ದು ಒಂದೇ. ಉಳಿದ ಮೂರು ಅಂಚೆಯಲ್ಲಿ ಬರಬೇಕಿತ್ತು. ಆ ಒಂದನ್ನು ಎರಡನೆಯ ಜಾಗಕ್ಕೆ ಕೂರಿಸಿ, ಟಕ್ ಎಂದು ಕ್ಲಿಪ್ಪು ಹಾಕಿ, ಬ್ಯಾಟರಿಯ ತಂತಿ ಮತ್ತೆ ಕಟ್ಟಿ, ಕೀಲಿ ತಿರುಗಿಸಿದೆ.

ನಡುಕ ಹಾಗೇ ಇತ್ತು.

ಕಾಯಿಲ್ ಹೊಸದು, ಹಾಕಿದವನು ನಾನು. ಹಾಗಾದರೆ ತಪ್ಪು ಎಲ್ಲಿರಬೇಕು? ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ಅವಳಿಗಿಂತ ಕೆಟ್ಟವನು ಗುಬ್ಬೀ, ನೆಲವನ್ನು ಬಿಟ್ಟು ಚಿಕ್ಕಮ್ಮನ ಕಾಲು ಡೊಂಕು ಅಂದೆ. “ಎಂಜಿನ್ ಸರಿಯಾಗಿದೆ ಕಣೇ, ನಿನ್ನ ಕ್ಲಚ್ಚಿನ ಕಾಲೇ ಸರಿಯಿಲ್ಲ. ಗಾಡಿ ಏನು ಮಾಡುತ್ತೆ ಪಾಪ.” ನಾಲ್ಕು ಜನ ಕೇಳುವಂತೆ ಅಂದೆ. ಅವಳು ಜಗಳಕ್ಕೆ ಬಂದಿದ್ದರೆ ಚೆನ್ನಾಗಿತ್ತು. “ಸರಿ ಬಿಡಿ” ಎಂದು ಹೇಳಿ ಒಳಗೆ ಹೋದಳು. ನಾಲ್ಕು ದಿನ ಕಾರಿನ ಹತ್ತಿರ ಸುಳಿಯಲಿಲ್ಲ. ಐದನೆಯ ದಿನ ಅಡುಗೆಮನೆಯ ಮೇಜಿನ ಮೇಲೆ ಅವಳ ಕೈಬರಹದ ಒಂದು ಹಾಳೆ ನೋಡಿದೆ. ಲೈಸೆನ್ಸ್ ಪಡೆಯಲು ನನ್ನಿಂದ ಸಾಧ್ಯವಾಗುತ್ತಿಲ್ಲ, ಉಗ್ರಾಣದ ಕೆಲಸಕ್ಕೆ ಒಪ್ಪಿದ್ದೇನೆ, ಎಂದು ಎರಡೇ ಸಾಲು. ಇನ್ನೂ ಕಳಿಸಿರಲಿಲ್ಲ. ಹಾಳೆ ಇದ್ದಲ್ಲೇ ಇಟ್ಟೆ. ನನ್ನ ನಾಲಿಗೆಗೆ ಬೀಗ ಹಾಕುವ ಕಾಯಿಲ್ ಯಾವ ಅಂಗಡಿಯಲ್ಲಾದರೂ ಸಿಕ್ಕಿದ್ದರೆ ಅಂದೇ ತಂದು ಹಾಕಿಸಿಕೊಳ್ಳುತ್ತಿದ್ದೆ.

ಏನು ಮಾಡಬೇಕೆಂದು ತಿಳಿಯದೆ ಹೋಗಿ ಬಾನೆಟ್ ಎತ್ತಿ, ಗಾಡಿ ಶುರುಮಾಡಿ, ಎಲ್ಲಿಂದ ನಡುಗುತ್ತಿದೆ ಎಂದು ಕಿವಿಗೊಟ್ಟು ನಿಂತೆ. ಕೈ ಎಲ್ಲೋ ಬಿಸಿ ಕೊಳವೆಗೆ ತಾಗಿ ಚುರ್ ಅಂದಿತು. ನಾನು ಕೂಗಿದ್ದಕ್ಕೆ ಚಿಕ್ಕಮ್ಮ ಓಡಿ ಬಂದಳು. ಕೋಪ ಎಷ್ಟಿದ್ದರೂ ಗಾಯ ಕಂಡರೆ ಅವಳು ನರ್ಸು. ಎಂಜಿನ್ ಆರಿಸಿ, ನನ್ನನ್ನು ಮೆಟ್ಟಿಲ ಮೇಲೆ ಕೂರಿಸಿ, ಬೆನ್ನು ತಿರುಗಿಸಿ ಡಬ್ಬಿಯಲ್ಲಿ ಮುಲಾಮು ಹುಡುಕುತ್ತಾ ಕೇಳಿದಳು.

“ಯಾವ ಬೆರಳು?”

“ಎರಡನೇದು.”

“ಯಾವ ಕಡೆಯಿಂದ ಎರಡನೇದು? ಹೆಬ್ಬೆರಳ ಕಡೆಯಿಂದಲೋ, ಕಿರುಬೆರಳ ಕಡೆಯಿಂದಲೋ?”

ಕೇಳಿದವಳು ಹಾಗೇ ನಿಂತಳು. ಮುಲಾಮು ಕೈಯಲ್ಲೇ ಉಳಿಯಿತು, ನನ್ನ ಬೆರಳು ಗಾಳಿಯಲ್ಲೇ ಉಳಿಯಿತು. ಕಾರಿನ ಹತ್ತಿರ ಹೋಗಿ ನಾಲ್ಕು ಕಾಯಿಲ್ಲುಗಳನ್ನು ನೋಡಿದಳು. “ರೀ, ನೀವು ಯಾವ ಕಡೆಯಿಂದ ಎಣಿಸಿದ್ರಿ?”

ಇದೂ ಒಂದು ಪ್ರಶ್ನೆಯೇ? ಡ್ರೈವರ್ ಕಡೆಯಿಂದ ಎಣಿಸಿದ್ದೆ. ಮೂವತ್ತೊಂದು ವರ್ಷ ಬಸ್ಸಿನಲ್ಲಿ ಸಾಲು ಎಣಿಸಿದ್ದು ಹಾಗೆಯೇ. ಡ್ರೈವರನ ಬೆನ್ನ ಹಿಂದಿನದು ಒಂದು, ಅದರಾಚೆಯದು ಎರಡು. ಮೊದಲನೆಯದು ಡ್ರೈವರ್ ಹತ್ತಿರ ಇಲ್ಲದೆ ಇನ್ನೆಲ್ಲಿರುತ್ತದೆ?

“ರೋಗಿಯ ಎಡಗೈ ಅಂದ್ರೆ ರೋಗಿಯ ಎಡಗೈ ರೀ, ಎದುರು ನಿಂತಿರೋ ನಮ್ಮ ಎಡಗೈ ಅಲ್ಲ. ಎಂಜಿನ್ ತನ್ನನ್ನ ಹೇಗೆ ಎಣಿಸ್ಕೊಳ್ಳುತ್ತೋ ನೋಡಿದ್ರಾ?” ಎಂದು ನಿನ್ನ ನೋಟ್‌ಬುಕ್ಕಿನ ಮುಂದಿನ ಪುಟ ತಿರುಗಿಸಿದಳು. ನಾನು ತಿರುಗಿಸಿರದ ಪುಟ. ಅಲ್ಲಿ ನೀನು ಚಿತ್ರವನ್ನೇ ಬರೆದಿದ್ದೆ. ಗಾಡಿಯ ಮೂತಿಯ ಕಡೆಯದು ಒಂದು, ಡ್ರೈವರ್ ಕಡೆಯದು ನಾಲ್ಕು. ನಾನು ಎರಡನೆಯದು ಎಂದು ಬದಲಿಸಿದ್ದು ಚೆನ್ನಾಗಿದ್ದ ಮೂರನೆಯದನ್ನು. ಸತ್ತದ್ದು ಪಕ್ಕದಲ್ಲೇ ಸುಮ್ಮನೆ ಕೂತಿತ್ತು.

ಎಂಜಿನ್ ತಣಿದ ಮೇಲೆ ನಾನು ತೆಗೆದಿಟ್ಟಿದ್ದನ್ನು ಮೂರನೆಯ ಜಾಗಕ್ಕೆ ಮರಳಿಸಿ, ಹೊಸದನ್ನು ಅದರ ಸರಿಯಾದ ಜಾಗಕ್ಕೆ ಹಾಕಿದವಳು ಅವಳೇ. ನನ್ನ ಬೆರಳಿಗೆ ಪಟ್ಟಿಯಿತ್ತು. ನಾನು ದೀಪ ಹಿಡಿದೆ, ಅಂಥ ದೀಪವನ್ನು ಯಾರೂ ಹಿಡಿದಿರಲಾರರು. ಕೀಲಿ ತಿರುಗಿಸಿದರೆ ನಡುಕವೇ ಇಲ್ಲ. ಅವಳು ಸ್ಟೀರಿಂಗ್ ಹಿಡಿದು ಕೂತೇ ಇದ್ದಳು, ಇಳಿಯಲಿಲ್ಲ. ಕ್ಲಚ್ಚನ್ನು ಒತ್ತಿದಳು, ಬಿಟ್ಟಳು, ಮತ್ತೆ ಒತ್ತಿದಳು. ಆಗ ನಾನು ಅವಳ ಎಡಗಾಲಿಗೆ ಹೇಳಿದೆ, ತಪ್ಪಾಯಿತು ಎಂದು. ಬಗ್ಗಿ ಹೇಳಲಾಗಲಿಲ್ಲ, ಮಂಡಿ ಬಿಡಲಿಲ್ಲ. “ಕಾಲಿಗೆ ಕಿವಿ ಇಲ್ಲ, ಮೇಲೆ ನೋಡಿ ಹೇಳಿ” ಅಂದಳು. ಮೇಲೆ ನೋಡಿಯೂ ಹೇಳಿದೆ. ಆಮೇಲೆ ಮೇಜಿನ ಮೇಲಿದ್ದ ಆ ಹಾಳೆಯನ್ನು ತಂದು ನಾಲ್ಕು ಚೂರು ಮಾಡಿ, ಬೆನ್ನ ಮೇಲೆ ಒಂದು, ಎರಡು, ಮೂರು, ನಾಲ್ಕು ಎಂದು ಬರೆದು, ಕಾಯಿಲ್ಲುಗಳ ತಂತಿಗೆ ಒಂದೊಂದನ್ನು ಕಟ್ಟಿದಳು. “ಕಂಡಕ್ಟರ್ ಸಾಹೇಬ್ರಿಗೆ ಟಿಕೆಟ್” ಅಂದಳು. ಉಳಿದ ಮೂರು ಬಂದಾಗ ಎರಡನ್ನು ಅವಳು ಹಾಕಿದಳು, ಒಂದನ್ನು ನನಗೆ ಬಿಟ್ಟಳು. ಜಟ್ಟಿ ಬಿದ್ದರೂ ಮೀಸೆಗೆ ಮಣ್ಣಾಗದಿರಲಿ ಎಂದಿರಬೇಕು. ಆಮೇಲೆ ಚೂರುಗಳನ್ನು ಬಿಚ್ಚಿ ಒಲೆಗೆ ಹಾಕಿದಳು.

ಮೇಸ್ತ್ರಿ ಮಗಳ ಊರಿಂದ ಮರಳಿದ ದಿನದಿಂದ ನಿನ್ನೆಯವರೆಗೆ ದಿನವೂ ಎರಡು ಗಂಟೆ ಓಡಿಸಿದ್ದಾಳೆ. ಪಕ್ಕದ ಸೀಟಿನಲ್ಲಿ ಅವನೇ. ಹಿಂದೆ ಸುಟ್ಟುಕೊಂಡಿದ್ದ ಅವನ ಕೈಗೆ ಇವಳು ತಿಂಗಳು ಪೂರ್ತಿ ಪಟ್ಟಿ ಕಟ್ಟಿದ್ದಳಂತೆ. ಇವಳು ಕರೆದಾಗ ಮಾತ್ರ ಅವನು ಒಂದು ದಿನವೂ ನಾಳೆ ಅನ್ನಲಿಲ್ಲ. ಅವನಿಗೆ ನಾನು ಋಣಿ, ಆದರೆ ಎಚ್ಚರವಾದ ಮೇಲೆ ಹೇಳುವುದಿಲ್ಲ, ತಲೆಗೆ ಹತ್ತುತ್ತದೆ. ನಿನಗೆ ಮಾತ್ರ ಬಾಯಿ ತುಂಬಾ ಹೇಳುತ್ತೇನೆ. ಹಡಗು ಹತ್ತುವ ಮೊದಲು ಒಂದು ತಿಂಗಳು ಸಂಜೆ ಸಂಜೆ ನಿನ್ನ ಮುದ್ದಿನ ಗಾಡಿಯನ್ನು ಇವಳ ಕೈಗೆ ಕೊಟ್ಟು, ಗೇರು ಕರಕರ ಅಂದಾಗಲೂ ಹಲ್ಲು ಕಚ್ಚಿ ನಕ್ಕೆಯಲ್ಲ, ಆ ನಗುವಿನ ಋಣ ಈ ಮನೆಯಲ್ಲಿ ತೀರುವಂಥದ್ದಲ್ಲ. ಎರಡನೆಯ ಪುಟ ಬರೆದಿಟ್ಟದ್ದಕ್ಕೂ ಅಷ್ಟೇ.

ಮೈದಾನದ ಆಚೆ ತಿರುವಿನಲ್ಲಿ ಗಾಡಿ ಕಾಣುತ್ತಿದೆ. ಏರಿನ ಬುಡದಲ್ಲಿ ನಿಂತಿದೆ. ಇದೇ ಜಾಗದಲ್ಲಿ ಕಳೆದ ಸಲ ನಿಂತುಹೋದದ್ದು. ಎದ್ದು ಗೇಟಿನ ಹತ್ತಿರ ನಿಂತು ನೋಡಬೇಕು, ಇಲ್ಲಿಗೆ ಮುಗಿಸುತ್ತೇನೆ. ನಿನ್ನ ಹಡಗು, ನಿನ್ನ ಕಿವಿ, ನಿನ್ನ ಹತ್ತು ಬೆರಳು, ಯಾವ ಕಡೆಯಿಂದ ಎಣಿಸಿದರೂ, ಸುಖವಾಗಿರಲಿ. ನೂರು ವರ್ಷ ಬಾಳು.

ನಿನ್ನ ಪ್ರೀತಿಯ
ಚಿಕ್ಕಪ್ಪ

ತಾ.ಕ.: ಅವಸರದಲ್ಲಿ ಬರೆಯುತ್ತಿದ್ದೇನೆ. ಪಾಸು. ಏರು ಹತ್ತಿದಳು, ಒಂದೇ ಉಸಿರಿಗೆ. ಪರೀಕ್ಷಕರಿಗೆ ಗಾಡಿಯಿಂದ ಹೊರಗೆ ಬರುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು. ನಾನು ಹೆಂಡತಿಯ ಪಕ್ಕ ಜಂಬದಿಂದ ಕೂತು ಮನೆಗೆ ಹೋಗೋಣ ಎಂದು ಬಾಗಿಲು ತೆಗೆದರೆ, ಅವಳು ಆ ಸೀಟಿನ ಮೇಲೆ ಔಷಧಿ ಚೀಲ ಇಟ್ಟು, “ಮುದುಕಪ್ಪ ಪಟ್ಟಿಗೆ ಕಾಯ್ತಿರ್ತಾನೆ, ನೀವಿಬ್ರೂ ಬಸ್ಸಿಗೆ ಬನ್ನಿ” ಎಂದು ಹೊರಟೇಬಿಟ್ಟಳು. ಈಗ ಮುಖ್ಯ ವಿಷಯ: ಆಸ್ಪತ್ರೆಯವರು ಲೈಸೆನ್ಸ್ ಈಗಲೇ ಕೇಳಿದರೂ ಕಾರು ಕೊಡುವುದು ಇನ್ನು ಮೂರು ತಿಂಗಳ ಮೇಲಂತೆ. ನೀನು ಮುಂದಿನ ತಿಂಗಳು ರಜೆಗೆ ಬರುತ್ತೀಯ, ನಿನ್ನ ಗಾಡಿ ನಿನಗೆ ಬೇಕು. ಅವಳು ತಾನಾಗಿ ಕೇಳುವವಳಲ್ಲ, ನಡೆದೇ ಹದಿನೇಳು ಮನೆ ಸುತ್ತುತ್ತಾಳೆ. ಅದಕ್ಕೇ ಆ ಮೂರು ತಿಂಗಳಿಗೆ ನಿನ್ನ ಗಾಡಿಯನ್ನು ಅವಳಿಗಾಗಿ ನಾನು ಕೇಳುತ್ತಿದ್ದೇನೆ. ಕೊಡುವೆಯಾದರೆ ನಾನು ಕೇಳಿದೆ ಎಂದು ಹೇಳಬೇಡ, ನೀನಾಗಿಯೇ ಬರೆದ ಹಾಗೆ ಅವಳಿಗೊಂದು ಕಾಗದ ಬರೆ.